ಲೂಯಿಸ್ ಮುನ್ಯೋಸ್ ಮರೀನ್: ಪೋರ್ಟೊ ರಿಕೊ ಜನ ತಾವೇ ಆರಿಸಿದ ಮೊದಲ ಗವರ್ನರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇವರು ಯಾರು? ಚಿಕ್ಕದಾಗಿ ಹೇಳಿ.

ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ರಾಜಕಾರಣಿ. ಹುಟ್ಟಿದ್ದು 1898ರ ಫೆಬ್ರವರಿ 18ರಂದು, ರಾಜಧಾನಿ ಸಾನ್ ಹ್ವಾನ್‌ನಲ್ಲಿ. ತೀರಿಕೊಂಡದ್ದು 1980ರ ಏಪ್ರಿಲ್ 30ರಂದು, ಅದೇ ಊರಿನಲ್ಲಿ. 1949ರಿಂದ 1965ರ ಜನವರಿವರೆಗೆ ಗವರ್ನರ್ ಆಗಿದ್ದರು. ಅವರಿಗಿಂತ ಹಿಂದಿನ ಗವರ್ನರ್‌ಗಳೆಲ್ಲ ಹೊರಗಿನಿಂದ ನೇಮಕವಾದವರು. ಜನ ಓಟು ಹಾಕಿ ಆ ಕುರ್ಚಿಯಲ್ಲಿ ಕೂರಿಸಿದ ಮೊದಲ ವ್ಯಕ್ತಿ ಇವರೇ.

ಹೆಸರಿನ ಬಗ್ಗೆ ಒಂದು ಮಾತು. ಮುನ್ಯೋಸ್ ಅಪ್ಪನ ಕಡೆಯ ಹೆಸರು, ಮರೀನ್ ಅಮ್ಮನ ಕಡೆಯದು. ದ್ವೀಪದ ಜನ ಅವರನ್ನು ಮುನ್ಯೋಸ್ ಎಂದೇ ಕರೆಯುತ್ತಾರೆ. ಇಲ್ಲೂ ಹಾಗೇ ಕರೆಯುತ್ತೇನೆ.

ಪೋರ್ಟೊ ರಿಕೊ ಬೇರೆ ದೇಶವಾ, ಅಮೆರಿಕದ ರಾಜ್ಯವಾ?

ಎರಡೂ ಅಲ್ಲ. ಮುನ್ಯೋಸ್ ಅವರ ಇಡೀ ಬದುಕು ಈ ಒಂದು ಗಂಟಿನ ಸುತ್ತಲೇ ತಿರುಗಿದೆ.

ನಾನೂರು ವರ್ಷ ಸ್ಪೇನ್ ಆಳಿದ ದ್ವೀಪ ಅದು. ಮುನ್ಯೋಸ್ ಹುಟ್ಟಿ ಐದು ತಿಂಗಳಾಗಿತ್ತು, ಅಷ್ಟೇ. 1898ರ ಜುಲೈ 25ರಂದು ಅಮೆರಿಕದ ಸೈನ್ಯ ದಕ್ಷಿಣದ ಗ್ವಾನಿಕಾ ಬಂದರಿಗೆ ಬಂದು ಇಳಿಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಪ್ಯಾರಿಸ್ ಒಪ್ಪಂದ ಆಯಿತು, ಸ್ಪೇನ್ ದ್ವೀಪವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿನ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ. 1917ರಲ್ಲಿ ಅವರಿಗೆ ಅಮೆರಿಕದ ಪೌರತ್ವ ಸಿಕ್ಕಿತು. ಆದರೆ ದ್ವೀಪದಲ್ಲಿರುವವರು ಇವತ್ತಿಗೂ ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಓಟು ಹಾಕುವ ಹಾಗಿಲ್ಲ. ವಾಷಿಂಗ್ಟನ್ನಿನ ಸಂಸತ್ತಿನಲ್ಲಿ ಅವರಿಗೆ ಒಬ್ಬ ಪ್ರತಿನಿಧಿ ಇದ್ದಾರೆ. ಕಾನೂನು ಪಾಸಾಗುವ ಕೊನೆಯ ಮತದಾನದಲ್ಲಿ ಅವರಿಗೂ ಓಟಿಲ್ಲ.

ಅಪ್ಪನೂ ದೊಡ್ಡ ನಾಯಕರೇ ಅಲ್ವಾ?

ಹೌದು. ತಂದೆ ಲೂಯಿಸ್ ಮುನ್ಯೋಸ್ ರಿವೇರಾ ಕವಿ, ಪತ್ರಕರ್ತ, ರಾಜಕಾರಣಿ. 1890ರಲ್ಲಿ 'ಲಾ ಡೆಮೊಕ್ರಾಸಿಯಾ' ಎಂಬ ಪತ್ರಿಕೆ ಶುರು ಮಾಡಿದರು. ದ್ವೀಪಕ್ಕೆ ಸ್ವಯಂ ಆಡಳಿತ ಕೊಡಿ ಎಂದು ಸ್ಪೇನ್ ಜೊತೆ ವರ್ಷಗಟ್ಟಲೆ ಮಾತುಕತೆ ನಡೆಸಿದರು. 1897ರ ಕೊನೆಗೆ ಅದು ಕೈಗೂಡಿತು. ಕೆಲವೇ ತಿಂಗಳಲ್ಲಿ ಅಮೆರಿಕದ ಸೈನ್ಯ ಬಂದು ಅಷ್ಟೂ ಶ್ರಮ ಮಣ್ಣುಪಾಲಾಯಿತು. ಆ ಮನುಷ್ಯನಿಗೆ ಹೇಗಾಗಿರಬೇಕು, ಯೋಚಿಸಿ. ಆಮೇಲೆ ಅವರು ವಾಷಿಂಗ್ಟನ್ನಿನಲ್ಲಿ ದ್ವೀಪದ ಪ್ರತಿನಿಧಿಯಾಗಿ ಕೂತು, ಅದೇ ಕೇಳಿಕೆಯನ್ನು ಹೊಸ ಯಜಮಾನನ ಮುಂದೆ ಮೊದಲಿಂದ ಇಟ್ಟರು. 1916ರಲ್ಲಿ ತೀರಿಕೊಂಡರು. ಆಗ ಮಗನಿಗೆ 18 ವರ್ಷ.

ಮಗ ನೇರವಾಗಿ ರಾಜಕೀಯಕ್ಕೆ ಬಂದರಾ?

ಇಲ್ಲ. ಅವರ ಮನಸ್ಸು ಇದ್ದದ್ದು ಸಾಹಿತ್ಯದಲ್ಲಿ. ಅಪ್ಪ ಹೋದ ಮೇಲೆ ಕಾನೂನು ಓದುವುದನ್ನು ಬಿಟ್ಟರು. ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್‌ನಲ್ಲಿ ಕವಿಗಳು, ಬರಹಗಾರರ ಜೊತೆ ಕಾಲ ಕಳೆದರು. ಅಮೆರಿಕದ ಪತ್ರಿಕೆಗಳಿಗೆ ಇಂಗ್ಲಿಷಿನಲ್ಲಿ ಲೇಖನ ಬರೆದರು. 1919ರಲ್ಲಿ ಮಿಸಿಸಿಪ್ಪಿಯ ಕವಯಿತ್ರಿ ಮೂನಾ ಲೀ ಅವರನ್ನು ಮದುವೆಯಾದರು. ಇಬ್ಬರು ಮಕ್ಕಳಾದರು.

ನಡುವೆ 1920ರಲ್ಲಿ ಊರಿಗೆ ಬಂದು, ಸಾಂತಿಯಾಗೊ ಇಗ್ಲೇಸಿಯಾಸ್ ಅವರ ಸಮಾಜವಾದಿ ಪಕ್ಷಕ್ಕಾಗಿ ಕಬ್ಬಿನ ಕೂಲಿಗಳ ನಡುವೆ ಕೆಲಸ ಮಾಡಿದ್ದುಂಟು. ಅಪ್ಪನ ಹಳೆಯ ಗೆಳೆಯರಿಗೆ ಇದು ಸರಿ ಕಾಣಲಿಲ್ಲ. ಆದರೆ ಈ ಅನುಭವವೇ ಮುಂದೆ ಅವರ ಕೈಹಿಡಿಯಿತು ಅನ್ನಿಸುತ್ತದೆ. 1931ರಲ್ಲಿ ಊರಿಗೆ ಮರಳಿ, ಅಪ್ಪನ ಪತ್ರಿಕೆಯ ಸಂಪಾದಕರಾದರು. 1932ರಲ್ಲಿ ಲಿಬರಲ್ ಪಕ್ಷದಿಂದ ದ್ವೀಪದ ಸೆನೆಟ್‌ಗೆ, ಅಂದರೆ ಅಲ್ಲಿನ ಶಾಸನಸಭೆಯ ಮೇಲ್ಮನೆಗೆ, ಆಯ್ಕೆಯಾದರು. ಆಗ ಅವರು ದ್ವೀಪಕ್ಕೆ ಪೂರ್ತಿ ಸ್ವಾತಂತ್ರ್ಯ ಬೇಕು ಎನ್ನುತ್ತಿದ್ದರು.

ಆಗ ದ್ವೀಪದ ಸ್ಥಿತಿ ಹೇಗಿತ್ತು?

ತುಂಬ ಕಷ್ಟದ ಕಾಲ. ಒಳ್ಳೆಯ ಬಯಲು ಜಮೀನಿನ ದೊಡ್ಡ ಪಾಲು ಸಕ್ಕರೆ ಕಂಪನಿಗಳ ಕೈಯಲ್ಲಿತ್ತು. ಅವುಗಳಲ್ಲಿ ದೊಡ್ಡವು ಅಮೆರಿಕದವರ ಒಡೆತನದವು. 1928ರ ಸಾನ್ ಫೆಲಿಪೆ ಚಂಡಮಾರುತ ಬೆಟ್ಟದ ಕಾಫಿ ತೋಟಗಳನ್ನು ನೆಲಸಮ ಮಾಡಿತು. ಹಿಂದೆಯೇ ಜಗತ್ತಿನ ಆರ್ಥಿಕ ಕುಸಿತ ಬಂತು. 1932ರಲ್ಲಿ ಇನ್ನೊಂದು ಚಂಡಮಾರುತ. ಕಬ್ಬು ಕಟಾವಿನ ತಿಂಗಳುಗಳಲ್ಲಿ ಮಾತ್ರ ಕೂಲಿ. ಉಳಿದ ಕಾಲವನ್ನು ಜನ 'ಸತ್ತ ಕಾಲ' ಎಂದು ಕರೆಯುತ್ತಿದ್ದರು.

ಜಮೀನಿಲ್ಲದ ಕುಟುಂಬಗಳು ಒಡೆಯನ ಜಾಗದಲ್ಲೇ ಗುಡಿಸಲು ಹಾಕಿಕೊಂಡು ಬದುಕುತ್ತಿದ್ದವು. ಇವರನ್ನು 'ಅಗ್ರೆಗಾದೊ' ಎನ್ನುತ್ತಿದ್ದರು. ಒಡೆಯ ಹೇಳಿದ ಪಕ್ಷಕ್ಕೆ ಓಟು ಹಾಕದಿದ್ದರೆ ಗುಡಿಸಲೂ ಹೋಯಿತು, ಕೂಲಿಯೂ ಹೋಯಿತು. 1940ರಲ್ಲಿ ಅಲ್ಲಿನ ಸರಾಸರಿ ಆಯಸ್ಸು ಸುಮಾರು 46 ವರ್ಷ. ಮುನ್ಯೋಸ್ ಮುಂದೆ ತೆಗೆದುಕೊಂಡ ಪ್ರತಿ ತೀರ್ಮಾನದ ಹಿಂದೆಯೂ ಈ ಬಡತನವಿದೆ. ಇದನ್ನು ಮರೆತು ಅವರನ್ನು ಅಳೆಯಲು ಹೋದರೆ ತಪ್ಪಾಗುತ್ತದೆ.

ಸ್ವಾತಂತ್ರ್ಯ ಬೇಕು ಎಂದವರು 1936ರಲ್ಲಿ ಸ್ವಾತಂತ್ರ್ಯದ ಮಸೂದೆಯನ್ನೇ ವಿರೋಧಿಸಿದ್ದು ಯಾಕೆ?

ಆ ವರ್ಷದ ಫೆಬ್ರವರಿಯಲ್ಲಿ, ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಇಬ್ಬರು ರಾಷ್ಟ್ರೀಯವಾದಿ ಯುವಕರು ಪೊಲೀಸ್ ಮುಖ್ಯಸ್ಥ ಫ್ರಾನ್ಸಿಸ್ ರಿಗ್ಸ್ ಅವರನ್ನು ಗುಂಡಿಟ್ಟು ಕೊಂದರು. ಪೊಲೀಸರು ಆ ಇಬ್ಬರನ್ನೂ ಠಾಣೆಯಲ್ಲೇ ಕೊಂದರು. ರಿಗ್ಸ್‌ಗೆ ಸ್ನೇಹಿತರಾಗಿದ್ದ ಅಮೆರಿಕದ ಸೆನೆಟರ್ ಮಿಲ್ಲರ್ಡ್ ಟೈಡಿಂಗ್ಸ್ ಕೂಡಲೇ ಪೋರ್ಟೊ ರಿಕೊಗೆ ಸ್ವಾತಂತ್ರ್ಯ ಕೊಡುವ ಮಸೂದೆ ತಂದರು. ಅದರ ಪ್ರಕಾರ ದ್ವೀಪದ ಸಕ್ಕರೆಗೆ ಅಮೆರಿಕದಲ್ಲಿ ಸುಂಕ ಬೀಳುತ್ತಿತ್ತು, ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗುತ್ತಿತ್ತು. ಇದ್ದದ್ದೇ ಒಂದು ಬೆಳೆ, ಒಂದು ಮಾರುಕಟ್ಟೆ. ಅದೂ ಮುಚ್ಚಿದರೆ ಜನ ಉಪವಾಸ ಬೀಳುತ್ತಾರೆ ಎಂದು ಮುನ್ಯೋಸ್ ವಿರೋಧಿಸಿದರು.

ಅವರ ಪಕ್ಷದ ಹಿರಿಯ ನಾಯಕ ಆಂಟೋನಿಯೊ ಬಾರ್ಸೆಲೊ ಒಪ್ಪಲಿಲ್ಲ. ಜಗಳ ಬೆಳೆಯಿತು. 1937ರಲ್ಲಿ ಮುನ್ಯೋಸ್ ಅವರನ್ನು ಪಕ್ಷದಿಂದ ಹೊರಹಾಕಿದರು. ಅದೇ ವರ್ಷ ಮಾರ್ಚ್‌ನಲ್ಲಿ ಪೋನ್ಸೆ ಊರಿನಲ್ಲಿ ರಾಷ್ಟ್ರೀಯವಾದಿಗಳ ಮೆರವಣಿಗೆ ಮೇಲೆ ಪೊಲೀಸರು ಗುಂಡು ಹಾರಿಸಿದರು. 19 ಜನ ಸತ್ತರು. ದ್ವೀಪ ಆಗ ಅಷ್ಟು ಕಾದಿತ್ತು.

ಪಕ್ಷವೇ ಇಲ್ಲದವರು 1940ರಲ್ಲಿ ಗೆದ್ದದ್ದು ಹೇಗೆ?

ಅವರ ಬದುಕಿನ ಅತ್ಯಂತ ಒಳ್ಳೆಯ ಅಧ್ಯಾಯ ಇದು ಎಂದು ನಾನು ನಂಬಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

1938ರಲ್ಲಿ ಅವರು ಪಾಪ್ಯುಲರ್ ಡೆಮಾಕ್ರಟಿಕ್ ಪಕ್ಷ ಕಟ್ಟಿದರು. ಘೋಷಣೆ: ಅನ್ನ, ಭೂಮಿ, ಸ್ವಾತಂತ್ರ್ಯ. ಮೂಲದಲ್ಲಿ ಅನ್ನದ ಜಾಗದಲ್ಲಿ ರೊಟ್ಟಿ ಇದೆ. ಗುರುತು 'ಪಾವಾ', ಅಂದರೆ ಬೆಟ್ಟದ ರೈತ ಹಾಕುವ ಹುಲ್ಲಿನ ಟೋಪಿ. ಬೆಟ್ಟದ ಆ ಬಡ ರೈತನನ್ನು ಅಲ್ಲಿ 'ಹೀಬಾರೊ' ಎನ್ನುತ್ತಾರೆ. ಪೇಟೆಯವರು ಅವನನ್ನು ಹಳ್ಳಿಗುಗ್ಗು ಎಂದು ನೋಡುತ್ತಿದ್ದರು. ಅವನ ಮುಖವನ್ನೇ ಮುನ್ಯೋಸ್ ಪಕ್ಷದ ಬಾವುಟದ ಮೇಲೆ ತಂದರು.

ಆಮೇಲೆ ಊರೂರು ಸುತ್ತಿದರು. ರಸ್ತೆಯಿಲ್ಲದ ಕಡೆಗೂ ಹೋದರು. ದೊಡ್ಡ ಭಾಷಣಕ್ಕಿಂತ ಅಂಗಳದಲ್ಲಿ ಕೂತು ಆಡುವ ಮಾತೇ ಜಾಸ್ತಿ. 'ಎಲ್ ಬಾತೆಯ್' ಎಂಬ ಸಣ್ಣ ಪತ್ರಿಕೆ ಹಂಚಿದರು. ಓದು ಬಂದವರು ಬಾರದವರಿಗೆ ಅದನ್ನು ಓದಿ ಹೇಳುತ್ತಿದ್ದರು. ಪಕ್ಷದ ಮಾತನ್ನು ಪ್ರಶ್ನೋತ್ತರದ ರೂಪದಲ್ಲಿ ಒಂದು ಕೈಪಿಡಿಯಾಗಿಯೂ ಮಾಡಿದರು.

ಎಲ್ಲಕ್ಕಿಂತ ದೊಡ್ಡ ತೊಡಕು ಓಟಿನ ಮಾರಾಟ. ಚುನಾವಣೆ ಬಂದಾಗ ಬಡವನ ಓಟಿಗೆ ಎರಡು ಡಾಲರ್ ಕೊಡುವುದು ರೂಢಿಯಾಗಿತ್ತು. ಹಸಿದವನಿಗೆ ಎರಡು ಡಾಲರ್ ಸಣ್ಣದಲ್ಲ. ಓಟು ಮಾರುವವರನ್ನು ಮುನ್ಯೋಸ್ ಬೈಯಲಿಲ್ಲ. ಎರಡು ಡಾಲರ್ ಬೇಕೋ, ನ್ಯಾಯ ಬೇಕೋ, ಎರಡೂ ಒಟ್ಟಿಗೆ ಸಿಗುವುದಿಲ್ಲ ಎಂದು ತಿಳಿಸಿ ಹೇಳಿದರು. ಓಟನ್ನು ನನಗೆ ಸಾಲ ಕೊಡಿ, ಕೆಲಸ ಮಾಡದಿದ್ದರೆ ಮುಂದಿನ ಸಲ ವಾಪಸ್ ತೆಗೆದುಕೊಳ್ಳಿ ಎಂದರು. ಸ್ವಾತಂತ್ರ್ಯವೋ, ಅಮೆರಿಕದ ರಾಜ್ಯವಾಗುವುದೋ ಎಂಬ ಪ್ರಶ್ನೆ ಈ ಚುನಾವಣೆಯಲ್ಲಿ ಇಲ್ಲ ಎಂದೂ ಖಚಿತವಾಗಿ ಹೇಳಿದರು. ಗೆದ್ದರೆ ಯಾವ ಯಾವ ಕಾನೂನು ತರುತ್ತೇವೆ ಎಂದು ಪಟ್ಟಿ ಮಾಡಿ, ತಮ್ಮ ಅಭ್ಯರ್ಥಿಗಳಿಂದ ಜನರ ಮುಂದೆ ಪ್ರಮಾಣ ಮಾಡಿಸಿದರು.

ಫಲಿತಾಂಶ ಬಂದಾಗ ಸೆನೆಟ್‌ನ 19 ಸೀಟಿನಲ್ಲಿ 10 ಇವರದ್ದು. ಕೆಳಮನೆಯ 39ರಲ್ಲಿ 18. ಸಿಕ್ಕ ಓಟು ನೂರಕ್ಕೆ ಸುಮಾರು 38. ಕೂದಲೆಳೆಯ ಅಂತರ. ಆದರೆ ಸೆನೆಟ್ ಅಧ್ಯಕ್ಷರಾಗಲು ಅಷ್ಟು ಸಾಕಾಯಿತು. ನಾಲ್ಕು ವರ್ಷದ ನಂತರ 1944ರಲ್ಲಿ ಅದೇ ಪಕ್ಷಕ್ಕೆ 19ರಲ್ಲಿ 17 ಸೀಟು ಬಂತು, ಕೆಳಮನೆಯಲ್ಲಿ 39ರಲ್ಲಿ 37. ಸಾಲ ಕೊಟ್ಟ ಓಟನ್ನು ಜನ ವಾಪಸ್ ಕೇಳಲಿಲ್ಲ.

500 ಎಕರೆ ಕಾನೂನು ಅಂದರೆ ಏನು?

ಒಂದು ಕಂಪನಿಗೆ 500 ಎಕರೆಗಿಂತ ಜಾಸ್ತಿ ಜಮೀನು ಇರಬಾರದು ಎಂದು ಅಮೆರಿಕದ ಸಂಸತ್ತು 1900ರಲ್ಲೇ ಹೇಳಿತ್ತು. ನಲವತ್ತು ವರ್ಷ ಅದನ್ನು ಯಾರೂ ಸರಿಯಾಗಿ ಜಾರಿ ಮಾಡಲಿಲ್ಲ. 1941ರ ಭೂ ಕಾನೂನು ಅದಕ್ಕೆ ಜೀವ ಕೊಟ್ಟಿತು. ಸರ್ಕಾರ ಕಂಪನಿಗಳ ಹೆಚ್ಚುವರಿ ಜಮೀನನ್ನು ಕೊಳ್ಳತೊಡಗಿತು. ಅಗ್ರೆಗಾದೊ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ಸಣ್ಣ ನಿವೇಶನ ಕೊಟ್ಟಿತು. ಎಷ್ಟೋ ಕಡೆ ಚೀಟಿ ಎತ್ತಿ ಹಂಚಿದರು. ನಿವೇಶನ ಚಿಕ್ಕದು, ಅದರಲ್ಲಿ ಬೆಳೆದು ಹೊಟ್ಟೆ ತುಂಬುವುದಿಲ್ಲ, ನಿಜ. ಆದರೆ ಇನ್ನು ಮುಂದೆ ಓಟಿನ ಕಾರಣಕ್ಕೆ ಯಾರೂ ಅವರನ್ನು ಗುಡಿಸಲಿನಿಂದ ಎಬ್ಬಿಸುವಂತಿರಲಿಲ್ಲ. ಈ ಒಂದು ಕೆಲಸಕ್ಕಾಗಿಯೇ ಅವರನ್ನು ನೆನೆಯುವ ಮನೆಗಳು ಅಲ್ಲಿ ಬಹಳ.

ಆಗ ಗವರ್ನರ್ ಯಾರಿದ್ದರು?

1941ರಿಂದ 1946ರವರೆಗೆ ರೆಕ್ಸ್‌ಫರ್ಡ್ ಟಗ್ವೆಲ್. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಕಳಿಸಿದ ಅರ್ಥಶಾಸ್ತ್ರಜ್ಞ. ಮುನ್ಯೋಸ್‌ಗೆ ಅವರಂಥವರು ಸಿಕ್ಕಿದ್ದು ಅದೃಷ್ಟ. ಯೋಜನಾ ಮಂಡಳಿ, ಅಭಿವೃದ್ಧಿ ಬ್ಯಾಂಕ್, ಕೈಗಾರಿಕೆ ಬೆಳೆಸುವ 'ಫೊಮೆಂತೊ' ಸಂಸ್ಥೆ ಎಲ್ಲವೂ ಆ ಕಾಲದ್ದು. 1946ರಲ್ಲಿ ಮುಂದಿನ ಅಧ್ಯಕ್ಷ ಟ್ರೂಮನ್ ಮೊದಲ ಬಾರಿಗೆ ದ್ವೀಪದವರೇ ಆದ ಹೆಸೂಸ್ ಪಿನ್ಯೆರೊ ಅವರನ್ನು ನೇಮಿಸಿದರು. 1947ರಲ್ಲಿ ಗವರ್ನರ್ ಆಯ್ಕೆ ಜನರ ಕೈಗೆ ಬಂತು. 1948ರ ನವೆಂಬರ್ ಚುನಾವಣೆಯಲ್ಲಿ ಮುನ್ಯೋಸ್ ನೂರಕ್ಕೆ 61 ಓಟು ಪಡೆದು ಗೆದ್ದರು. 1949ರ ಜನವರಿ 2ರಂದು ಅಧಿಕಾರ ವಹಿಸಿಕೊಂಡರು.

'ಆಪರೇಷನ್ ಬೂಟ್‌ಸ್ಟ್ರ್ಯಾಪ್' ಎಂದರೆ ಏನು? ಅದರಿಂದ ಒಳ್ಳೆಯದಾಯಿತಾ?

ಹೊಲದ ಮೇಲೆ ನಿಂತ ದ್ವೀಪವನ್ನು ಕಾರ್ಖಾನೆಗಳ ಕಡೆಗೆ ತಿರುಗಿಸಿದ ಯೋಜನೆ. ನಡೆಸಿದವರು ಫೊಮೆಂತೊ ಮುಖ್ಯಸ್ಥ ತೆಯೊದೊರೊ ಮೊಸ್ಕೊಸೊ. ಮೊದಲು ಸರ್ಕಾರವೇ ಸಿಮೆಂಟ್, ಗಾಜು, ಕಾಗದ, ಚಪ್ಪಲಿ ಕಾರ್ಖಾನೆಗಳನ್ನು ನಡೆಸಿ ನೋಡಿತು. ಹೆಚ್ಚಿನವು ನಷ್ಟದಲ್ಲಿ ನಡೆದವು. ಸಿಮೆಂಟ್ ಮತ್ತಿತರ ಕಾರ್ಖಾನೆಗಳನ್ನು 1950ರಲ್ಲಿ ಪೋನ್ಸೆಯ ಫೆರ್ರೆ ಕುಟುಂಬಕ್ಕೆ ಮಾರಿದರು. ಆ ಮನೆಯ ಲೂಯಿಸ್ ಫೆರ್ರೆ ಅವರೇ 1968ರಲ್ಲಿ ಮುನ್ಯೋಸ್ ಪಕ್ಷವನ್ನು ಸೋಲಿಸಿ ಗವರ್ನರ್ ಆದರು.

1947ರಿಂದ ದಾರಿ ಬದಲಾಯಿತು. ಅಮೆರಿಕದ ಕಂಪನಿಗಳೇ ಬನ್ನಿ, ತೆರಿಗೆ ಇಲ್ಲ, ಕೂಲಿಯೂ ಕಡಿಮೆ ಎಂದು ಕರೆದರು. ಬಟ್ಟೆ ಹೊಲಿಯುವ ಘಟಕಗಳು ಬಂದವು, ವಿದ್ಯುತ್ ಸಾಮಾನು ಮಾಡುವವು ಬಂದವು. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಸೇರಿದರು. ಪ್ರವಾಸಿಗರಿಗಾಗಿ ಸರ್ಕಾರವೇ ಕಟ್ಟಿಸಿದ ಕರೀಬೆ ಹಿಲ್ಟನ್ ಹೋಟೆಲ್ 1949ರ ಕೊನೆಗೆ ತೆರೆಯಿತು. 1956ರಲ್ಲಿ ಕಾರ್ಖಾನೆಗಳ ವರಮಾನ ಕೃಷಿಯದನ್ನು ಮೀರಿತು. 1960ರ ಹೊತ್ತಿಗೆ ಸರಾಸರಿ ಆಯಸ್ಸು ಸುಮಾರು 69ಕ್ಕೆ ಏರಿತು. ಇಪ್ಪತ್ತು ವರ್ಷದಲ್ಲಿ ಹೀಗೆ ಬದಲಾದ ಜಾಗಗಳು ಜಗತ್ತಿನಲ್ಲಿ ಕಡಿಮೆ.

ಇನ್ನೊಂದು ಕಡೆಯನ್ನೂ ಹೇಳಲೇಬೇಕು. ಹೊಲ ಬಿಟ್ಟು ಬಂದವರಷ್ಟು ಕೆಲಸ ಕಾರ್ಖಾನೆಗಳಲ್ಲಿ ಇರಲಿಲ್ಲ. 1950ರ ದಶಕವೊಂದರಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ನ್ಯೂಯಾರ್ಕ್ ಮತ್ತಿತರ ಊರುಗಳಿಗೆ ವಲಸೆ ಹೋದರು. ಹೆಂಗಸರಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುವುದು ಮುನ್ಯೋಸ್ ಬರುವ ಮೊದಲೇ, 1937ರಲ್ಲಿ ಕಾನೂನುಬದ್ಧವಾಗಿತ್ತು. ಅವರ ಕಾಲದಲ್ಲಿ ಅದು ವಿಪರೀತ ಹಬ್ಬಿತು. 1965ರ ಸಮೀಕ್ಷೆಯಲ್ಲಿ ಮಕ್ಕಳಿರುವ ಹೆಂಗಸರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಈ ಚಿಕಿತ್ಸೆ ಆಗಿತ್ತು. ಅವರಲ್ಲಿ ಎಷ್ಟೋ ಜನರಿಗೆ ಸರಿಯಾದ ತಿಳಿವಳಿಕೆ ಕೊಟ್ಟಿರಲಿಲ್ಲ. ಆಯಸ್ಸು, ಆದಾಯದ ಅಂಕಿಗಳ ಜೊತೆ ಈ ಅಂಕಿಯನ್ನೂ ಓದಬೇಕು.

ಬಾಯಿ ಮುಚ್ಚಿಸುವ ಕಾನೂನು ಎಂದು ಓದಿದ್ದೆ. ಅದೇನು?

1948ರ 53ನೇ ಕಾನೂನು. ಜನ ಅದಕ್ಕೆ 'ಮೊರ್ದಾಸಾ', ಅಂದರೆ ಬಾಯಿಬಟ್ಟೆ ಎಂದು ಹೆಸರಿಟ್ಟರು. ಸರ್ಕಾರವನ್ನು ಉರುಳಿಸಬೇಕು ಎಂದು ಮಾತಾಡುವುದು, ಬರೆಯುವುದು, ಸಂಘ ಕಟ್ಟುವುದು ಎಲ್ಲ ಅಪರಾಧ. ಆಚರಣೆಯಲ್ಲಿ ಅದು ಇನ್ನೂ ಮುಂದೆ ಹೋಯಿತು. ಪೋರ್ಟೊ ರಿಕೊದ ಬಾವುಟ ಮನೆಯಲ್ಲಿಟ್ಟುಕೊಂಡರೂ ಸಾಕ್ಷ್ಯವಾಗುತ್ತಿತ್ತು. ಸಹಿ ಹಾಕಿದ್ದು ಗವರ್ನರ್ ಪಿನ್ಯೆರೊ. ಆದರೆ ಅದನ್ನು ಪಾಸು ಮಾಡಿದ ಸೆನೆಟ್‌ಗೆ ಅಧ್ಯಕ್ಷರು ಮುನ್ಯೋಸ್. 1957ರವರೆಗೆ ಅದು ರದ್ದಾಗಲಿಲ್ಲ.

ಅವರ ಅಭಿಮಾನಿಗಳು ಇದನ್ನು ಬೇಗ ದಾಟಿ ಹೋಗುತ್ತಾರೆ. ನನಗೆ ಹಾಗೆ ದಾಟಲು ಮನಸ್ಸು ಬರುವುದಿಲ್ಲ. ತನ್ನ ಓಟು ತನ್ನದು ಎಂದು ಬಡವನಿಗೆ ಹೇಳಿಕೊಟ್ಟವರೇ, ಬೇರೆ ಮಾತಾಡುವವರ ಬಾಯಿ ಕಟ್ಟಿದರು. ಅದಕ್ಕೆ ಸಮರ್ಥನೆ ಇಲ್ಲ.

1950ರ ದಂಗೆಯಲ್ಲಿ ಏನಾಯಿತು?

ಆ ವರ್ಷ ಜುಲೈಯಲ್ಲಿ ಅಮೆರಿಕ 600ನೇ ಕಾನೂನು ತಂದಿತು. ದ್ವೀಪದ ಜನ ತಮ್ಮ ಸಂವಿಧಾನ ತಾವೇ ಬರೆದುಕೊಳ್ಳಬಹುದು ಎಂದಿತು. ಇದು ವಸಾಹತಿಗೆ ಹೊಸ ಬಣ್ಣ ಬಳಿಯುವ ಕೆಲಸ ಎಂದರು ರಾಷ್ಟ್ರೀಯವಾದಿ ನಾಯಕ ಪೆದ್ರೊ ಅಲ್ಬಿಸು ಕಾಂಪೋಸ್. ಅಕ್ಟೋಬರ್ 30ರಂದು ಹಲವು ಊರುಗಳಲ್ಲಿ ದಂಗೆ ಎದ್ದಿತು. ಹಯೂಯಾ ಊರಿನಲ್ಲಿ ಬ್ಲಾಂಕಾ ಕನಾಲೆಸ್ ಮುಂದಾಳತ್ವದಲ್ಲಿ ಬಾವುಟ ಹಾರಿಸಿದರು. ರಾಷ್ಟ್ರೀಯ ರಕ್ಷಣಾ ದಳದ ವಿಮಾನಗಳು ಆ ಊರಿನ ಮೇಲೆ ದಾಳಿ ಮಾಡಿದವು. ಅದೇ ದಿನ ಐವರು ಬಂದೂಕುಧಾರಿಗಳು ಗವರ್ನರ್ ನಿವಾಸ 'ಲಾ ಫೊರ್ತಲೇಸಾ'ಗೆ ನುಗ್ಗಿದರು. ಮುನ್ಯೋಸ್ ಒಳಗೇ ಇದ್ದರು. ನಾಲ್ವರು ಅಂಗಳದಲ್ಲೇ ಸತ್ತರು. ಎರಡು ದಿನದ ನಂತರ ವಾಷಿಂಗ್ಟನ್ನಿನಲ್ಲಿ ಟ್ರೂಮನ್ ಮೇಲೂ ದಾಳಿ ನಡೆಯಿತು. ದ್ವೀಪದಲ್ಲಿ ನೂರಾರು ಜನರ ಬಂಧನವಾಯಿತು. ದಂಗೆಗೂ ಇವರಿಗೂ ಸಂಬಂಧವೇ ಇಲ್ಲ ಎನ್ನಬಹುದಾದವರೂ ಅದರಲ್ಲಿದ್ದರು.

ಅಲ್ಬಿಸು ಅವರನ್ನು ಮುನ್ಯೋಸ್ 1953ರಲ್ಲಿ ಕ್ಷಮಿಸಿ ಬಿಟ್ಟರು. 1954ರ ಮಾರ್ಚ್‌ನಲ್ಲಿ ಲೋಲಿತಾ ಲೆಬ್ರೋನ್ ಮತ್ತು ಸಂಗಡಿಗರು ಅಮೆರಿಕದ ಕೆಳಮನೆಯಲ್ಲಿ ಗುಂಡು ಹಾರಿಸಿದ ಮೇಲೆ ಕ್ಷಮೆಯನ್ನು ವಾಪಸ್ ಪಡೆದರು. 1964ರ ಕೊನೆಗೆ ಮತ್ತೆ ಕ್ಷಮಿಸಿದರು. ಅಷ್ಟರಲ್ಲಿ ಅಲ್ಬಿಸು ಪೂರ್ತಿ ಕುಗ್ಗಿದ್ದರು. ಕೆಲವೇ ತಿಂಗಳಲ್ಲಿ ತೀರಿಕೊಂಡರು.

1952ರಲ್ಲಿ ಬಂದ ಹೊಸ ವ್ಯವಸ್ಥೆ ಯಾವುದು?

ಸ್ಪ್ಯಾನಿಷ್‌ನಲ್ಲಿ ಅದಕ್ಕೆ 'ಎಸ್ತಾದೊ ಲಿಬ್ರೆ ಅಸೊಸಿಯಾದೊ', ಅಂದರೆ ಜೊತೆಗೂಡಿದ ಸ್ವತಂತ್ರ ರಾಜ್ಯ ಎಂಬ ಹೆಸರು. ದ್ವೀಪದ ಒಳಗಿನ ಆಡಳಿತ ದ್ವೀಪದವರದು. ರಕ್ಷಣೆ, ನಾಣ್ಯ, ವಿದೇಶ ವ್ಯವಹಾರ ಅಮೆರಿಕದ್ದು. ಸಂವಿಧಾನಕ್ಕೆ ನೂರಕ್ಕೆ 80ಕ್ಕೂ ಹೆಚ್ಚು ಮತದಾರರು ಹೌದು ಎಂದರು. ಅದರಲ್ಲಿ ಕೆಲಸದ ಹಕ್ಕು, ಸಾಕಷ್ಟು ಊಟ ಬಟ್ಟೆ ವಸತಿಯ ಹಕ್ಕು ಎಂದೆಲ್ಲ ಹೇಳುವ 20ನೇ ವಿಧಿ ಇತ್ತು. ಜನ ಒಪ್ಪಿದ್ದ ಆ ವಿಧಿಯನ್ನು ಅಮೆರಿಕದ ಸಂಸತ್ತು ಕಿತ್ತುಹಾಕಿತು. ಕೊನೆಯ ಮಾತು ಯಾರದು ಎಂಬುದು ಅಲ್ಲೇ ಗೊತ್ತಾಗಿತ್ತು.

ಜಾರಿಯ ದಿನ ಜುಲೈ 25. ಅಮೆರಿಕದ ಸೈನ್ಯ ಇಳಿದ ದಿನವೇ. ನಾಲ್ಕು ವರ್ಷದ ಹಿಂದೆ ಯಾವ ಬಾವುಟಕ್ಕೆ ಜನ ಜೈಲಿಗೆ ಹೋಗುತ್ತಿದ್ದರೋ, ಅದೇ ಬಾವುಟವನ್ನು ಅಂದು ಮುನ್ಯೋಸ್ ಸರ್ಕಾರದ ಬಾವುಟವಾಗಿ ಏರಿಸಿದರು. ನೀಲಿ ಬಣ್ಣ ಮಾತ್ರ ಗಾಢವಾಗಿತ್ತು. ತಿಳಿನೀಲಿಯ ಬಾವುಟ ಇಂದಿಗೂ ಸ್ವಾತಂತ್ರ್ಯ ಬೇಕೆನ್ನುವವರ ಕೈಯಲ್ಲಿ ಕಾಣುತ್ತದೆ. 1953ರಲ್ಲಿ ವಿಶ್ವಸಂಸ್ಥೆ ಪೋರ್ಟೊ ರಿಕೊವನ್ನು ಪರಾಧೀನ ಪ್ರದೇಶಗಳ ಪಟ್ಟಿಯಿಂದ ತೆಗೆಯಿತು. 26 ದೇಶಗಳು ಪರ, 16 ವಿರುದ್ಧ, 18 ತಟಸ್ಥ.

ಭಾಷೆ, ಕಲೆಗೆ ಏನಾದರೂ ಮಾಡಿದರಾ?

ಬಹಳ ಮಾಡಿದರು. ಇದರಲ್ಲಿ ಅವರ ಎರಡನೇ ಪತ್ನಿ ಇನೆಸ್ ಮೆಂಡೋಸಾ ಅವರ ಪಾಲು ದೊಡ್ಡದು. ಆಕೆ ಶಾಲಾ ಶಿಕ್ಷಕಿ. ದ್ವೀಪದ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪಾಠ ಮಾಡುವುದನ್ನು ವಿರೋಧಿಸಿದ್ದಕ್ಕೆ ಕೆಲಸ ಕಳೆದುಕೊಂಡಿದ್ದರು. 1946ರಲ್ಲಿ ಇಬ್ಬರೂ ಮದುವೆಯಾದರು. ಮುನ್ಯೋಸ್ ಗವರ್ನರ್ ಆದ ಕೂಡಲೇ ಸರ್ಕಾರಿ ಶಾಲೆಗಳಲ್ಲಿ ಸ್ಪ್ಯಾನಿಷ್ ಕಲಿಕೆಯ ಮಾಧ್ಯಮವಾಯಿತು. ಮನೆಮಾತಿನಲ್ಲಿ ಕಲಿಯುವ ವಿಷಯಕ್ಕೆ ನಮ್ಮಲ್ಲಿ ನಡೆದ ಜಗಳ ನೆನಪಿರುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

1949ರಲ್ಲಿ ಶುರುವಾದ ಸಮುದಾಯ ಶಿಕ್ಷಣ ವಿಭಾಗ ಹಳ್ಳಿಗಳಿಗೆ ಸಿನಿಮಾ, ಪುಸ್ತಕ, ಭಿತ್ತಿಚಿತ್ರ ಒಯ್ದಿತು. ಲೊರೆನ್ಸೊ ಓಮಾರ್, ರಫಾಯೆಲ್ ತುಫಿನ್ಯೊ ಥರದ ಕಲಾವಿದರು ಅದಕ್ಕೆ ಕೆಲಸ ಮಾಡಿದರು. 1955ರಲ್ಲಿ ಪೋರ್ಟೊ ರಿಕೊ ಸಂಸ್ಕೃತಿ ಸಂಸ್ಥೆ ಹುಟ್ಟಿತು. ಸೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ ಅವರ ತಾಯಿ ಇದೇ ದ್ವೀಪದವರು. ಕಸಾಲ್ಸ್ ಇಲ್ಲಿಗೇ ಬಂದು ನೆಲೆಸಿದರು. 1961ರ ನವೆಂಬರ್‌ನಲ್ಲಿ ಕೆನಡಿ ಮುನ್ಯೋಸ್ ಗೌರವಾರ್ಥ ಕೊಟ್ಟ ಔತಣದಲ್ಲಿ ಕಸಾಲ್ಸ್ ಶ್ವೇತಭವನದಲ್ಲಿ ನುಡಿಸಿದರು.

ಚರ್ಚ್ ಅವರ ವಿರುದ್ಧ ನಿಂತಿತ್ತಂತೆ?

1960ರಲ್ಲಿ. ಕುಟುಂಬ ಯೋಜನೆ, ಶಾಲೆಯಲ್ಲಿ ಧರ್ಮಪಾಠ ಇವು ಕಾರಣ. ಕ್ಯಾಥೊಲಿಕರು ಈ ಪಕ್ಷಕ್ಕೆ ಓಟು ಹಾಕಬಾರದು ಎಂದು ಬಿಷಪ್‌ಗಳು ಪತ್ರ ಹೊರಡಿಸಿದರು. ಜನ ಚರ್ಚಿಗೂ ಹೋದರು, ಮುನ್ಯೋಸ್‌ಗೂ ಓಟು ಹಾಕಿದರು. ನೂರಕ್ಕೆ 58 ಬಂತು.

1964ರಲ್ಲಿ ತಾವಾಗಿಯೇ ಬಿಟ್ಟದ್ದು ಯಾಕೆ?

ನಿಂತಿದ್ದರೆ ಐದನೇ ಬಾರಿಯೂ ಗೆಲ್ಲುತ್ತಿದ್ದರು. ಪಕ್ಷ ಒಬ್ಬನ ಮೇಲೆ ನಿಲ್ಲಬಾರದು ಎಂಬುದು ಅವರ ನಿಲುವು. ಮಯಾಗ್ವೆಸ್‌ನ ಪಕ್ಷದ ಸಭೆಯಲ್ಲಿ ಜನ ಬೇಡ ಬೇಡ ಎಂದು ಕೂಗಿದರೂ ಕೇಳಲಿಲ್ಲ. ರೊಬೆರ್ತೊ ಸಾಂಚೆಸ್ ವಿಲೆಯಾ ಅವರಿಗೆ ಜಾಗ ಬಿಟ್ಟುಕೊಟ್ಟರು. ಕೆರಿಬಿಯನ್ನಿನಲ್ಲಿ ಆಗ ಕುರ್ಚಿಗೆ ಅಂಟಿ ಕೂತವರೇ ಜಾಸ್ತಿ. ಪಕ್ಕದ ಡೊಮಿನಿಕನ್ ಗಣರಾಜ್ಯದಲ್ಲಿ ಸರ್ವಾಧಿಕಾರಿ ತ್ರುಹಿಯೊ ಮೂವತ್ತು ವರ್ಷ ಅಧಿಕಾರ ಹಿಡಿದುಕೊಂಡಿದ್ದ. ಹಾಗಾಗಿ ಈ ಬಿಡುವಿಕೆ ದೊಡ್ಡ ವಿಷಯವೇ. ಆಮೇಲೆ 1970ರವರೆಗೆ ಸೆನೆಟರ್ ಆಗಿದ್ದರು. ಸಾಂಚೆಸ್ ಮತ್ತು ಪಕ್ಷದ ನಡುವೆ ಬಿರುಕು ಬಿಟ್ಟು 1968ರಲ್ಲಿ ಪಕ್ಷ ಸೋತಾಗ ಅವರಿಗೆ ತುಂಬ ನೋವಾಯಿತು.

ಕೊನೆಗೆ ಅವರು ದ್ವೀಪವನ್ನು ಕಟ್ಟಿದವರಾ, ಸ್ವಾತಂತ್ರ್ಯಕ್ಕೆ ದ್ರೋಹ ಬಗೆದವರಾ?

ಅಲ್ಲಿನ ಮನೆಮನೆಯಲ್ಲೂ ಈ ವಾದವಿದೆ. ಸ್ವಾತಂತ್ರ್ಯದ ದಾರಿ ಬಿಡುತ್ತಿದ್ದೇನೆ ಎಂದು ಅವರು 1946ರಲ್ಲಿ ಬಹಿರಂಗವಾಗಿ ಬರೆದರು. ಕದ್ದುಮುಚ್ಚಿ ಬದಲಾಗಲಿಲ್ಲ. ಅದೇ ವರ್ಷ ಅವರ ಪಕ್ಷದಿಂದ ಹೊರಬಂದವರು ಹಿಲ್ಬೆರ್ತೊ ಕೊನ್ಸೆಪ್ಸಿಯೋನ್ ಅವರ ಮುಂದಾಳತ್ವದಲ್ಲಿ ಇಂಡಿಪೆಂಡೆನ್ಸ್ ಪಕ್ಷ ಕಟ್ಟಿದರು.

ನನ್ನ ಅಭಿಪ್ರಾಯ ಹೀಗೆ. ಮೊದಲು ಹೊಟ್ಟೆ, ಆಮೇಲೆ ಹಕ್ಕು ಎಂದು 1940ರಲ್ಲಿ ಅವರು ಹೇಳಿದ್ದು ಸರಿಯಿತ್ತು. ತಪ್ಪಾದದ್ದು ಆ 'ಆಮೇಲೆ' ಬರಲೇ ಇಲ್ಲ ಎಂಬಲ್ಲಿ. ಅಮೆರಿಕದ ಜೊತೆಗಿನ 1952ರ ಒಪ್ಪಂದವನ್ನು ಬೆಳೆಸಬಹುದು, ಅಧಿಕಾರ ಹೆಚ್ಚಿಸಿಕೊಳ್ಳಬಹುದು ಎಂದು ಅವರು ನಂಬಿದ್ದರು. 1959ರಲ್ಲಿ ಅದಕ್ಕಾಗಿ ಮಸೂದೆ ತರಿಸಿದರು, ವಾಷಿಂಗ್ಟನ್ ಕಿವಿಗೊಡಲಿಲ್ಲ. 1967ರ ಜನಮತದಲ್ಲಿ ನೂರಕ್ಕೆ 60 ಜನ ಅವರ ವ್ಯವಸ್ಥೆಗೇ ಓಟು ಹಾಕಿದರು, ಆದರೂ ಏನೂ ಬದಲಾಗಲಿಲ್ಲ. ದ್ವೀಪದ ಅಧಿಕಾರದ ಮೂಲ ಅಮೆರಿಕದ ಸಂಸತ್ತೇ ಎಂದು 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ದ್ವೀಪದ ಸಾಲದ ನೆಪದಲ್ಲಿ ಅಮೆರಿಕ ಒಂದು ಉಸ್ತುವಾರಿ ಮಂಡಳಿಯನ್ನು ಕೂರಿಸಿತು. ಜನ ಆರಿಸಿದ ಗವರ್ನರ್ ಮಾಡಿದ ಬಜೆಟ್ಟಿಗೆ ಜನ ಆರಿಸದ ಆ ಮಂಡಳಿಯ ಒಪ್ಪಿಗೆ ಬೇಕು.

ಈಗ ಅವರ ಹೆಸರು ಎಲ್ಲೆಲ್ಲಿದೆ?

ಸಾನ್ ಹ್ವಾನ್‌ಗೆ ವಿಮಾನದಲ್ಲಿ ಹೋದರೆ ಇಳಿಯುವುದೇ ಅವರ ಹೆಸರಿನ ನಿಲ್ದಾಣದಲ್ಲಿ. ತ್ರುಹಿಯೊ ಆಲ್ತೊದಲ್ಲಿ ಅವರ ಮನೆಯನ್ನು ಉಳಿಸಿಕೊಂಡಿರುವ ಪ್ರತಿಷ್ಠಾನ ಇದೆ, ದಾಖಲೆಗಳು ಅಲ್ಲಿವೆ. ಸಮಾಧಿ ಅಪ್ಪನ ಊರಾದ ಬರ್ರಾಂಕೀತಾಸ್‌ನಲ್ಲಿ, ಅಪ್ಪನ ಪಕ್ಕದಲ್ಲೇ.

ಮಗಳೂ ರಾಜಕೀಯಕ್ಕೆ ಬಂದಿದ್ದರಂತೆ, ನಿಜವಾ?

ನಿಜ. ಇನೆಸ್ ಅವರ ಮಗಳು ವಿಕ್ಟೋರಿಯಾ ಮುನ್ಯೋಸ್ ಮೆಂಡೋಸಾ 1992ರಲ್ಲಿ ಅಪ್ಪನ ಪಕ್ಷದಿಂದ ಗವರ್ನರ್ ಸ್ಥಾನಕ್ಕೆ ನಿಂತರು. ಪೆದ್ರೊ ರೊಸ್ಸೆಯೊ ಎದುರು ಸೋತರು. ಎಂಟು ವರ್ಷದ ನಂತರ ಅದೇ ಪಕ್ಷದ ಸಿಲಾ ಮರಿಯಾ ಕಾಲ್ದೆರೋನ್ ಗೆದ್ದು, ಪೋರ್ಟೊ ರಿಕೊದ ಮೊದಲ ಮಹಿಳಾ ಗವರ್ನರ್ ಆದರು.